ಜುಬೈಲಿನಲ್ಲಿ ಳ

ಊಟದ ಮೇಜಿನ ಮೇಲೆ ಮೂರು ಪಾಠಕ್ರಮ,
ಒಂದು ಡಬ್ಬಿ ಖರ್ಜೂರ.
ಇಲ್ಲಿಯದು ಎನ್ನಬಹುದಾದದ್ದು ಖರ್ಜೂರ ಮಾತ್ರ.

ಮೊದಲನೆಯದು ನುಣುಪು ಕಾಗದದ್ದು, ಪುಟ ತುಂಬ ಹಿಮ.
ಕೈಗವಸು ತೊಟ್ಟ ನರಿಯೊಂದು ಇಪ್ಪತ್ತಾರು ಪಾಠ ನಡೆದು
ಇಪ್ಪತ್ತೇಳರಲ್ಲಿ ಅಲ್ಪವಿರಾಮ ಕಲಿಯುತ್ತದೆ.
ಹೊರಗೆ ನಲವತ್ತಾರು ಡಿಗ್ರಿ.

ಎರಡನೆಯದು ಶಬ್ದವನ್ನು ಮೀನಿನಂತೆ ಕತ್ತರಿಸುತ್ತದೆ:
ತಲೆ, ನಡು, ಬಾಲ.
ತಾಯಿ ಏನು ಹೇಳಬೇಕೆಂದೂ ದಪ್ಪಕ್ಷರದಲ್ಲಿ ಬರೆದಿದೆ,
ಎಲ್ಲಿ ನಗಬೇಕೆಂದೂ.

ಮೂರನೆಯದು ತಮ್ಮ ಶಬೀರ ಲುಂಗಿಗಳ ನಡುವೆ ಇಟ್ಟು ತಂದದ್ದು,
ಮೂವತ್ತು ಕಿಲೋದಲ್ಲಿ ಇನ್ನೂರು ಗ್ರಾಂ.
ಉಪ್ಪಿನಕಾಯಿಯ ಎಣ್ಣೆ ಕುಡಿದು
ಸ್ವರಗಳೆಲ್ಲ ಪಾರದರ್ಶಕ.

ಶಾಲೆಯ ಫೀಸಿನ ಚೀಟಿ ಎರಡನೆಯ ಸಲ ಬಂದ ರಾತ್ರಿ
ಹನೀಫ್ ಕ್ಯಾಲ್ಕುಲೇಟರನ್ನು ಮಗುಚಿ ಇಟ್ಟರು.
ಅಂದಿನಿಂದ ನಾನೇ ಹೆಡ್‌ಮಾಸ್ತರು, ನಾನೇ ಗಂಟೆ, ನಾನೇ ಬಿಸಿಯೂಟ.

ಭಾಷಾಪಾಠ ಎನ್ನುತ್ತಾರೆ, ಯಾವ ಭಾಷೆಯದು ಎಂದು ಕೇಳುವುದಿಲ್ಲ.
ಮನೆಯೊಳಗೆ ಬ್ಯಾರಿ, ಅದಕ್ಕೆ ಮೇಜಿನ ಮೇಲೆ ಪುಸ್ತಕವೇ ಇಲ್ಲ.
ಲಿಫ್ಟಿನಲ್ಲಿ ಉರ್ದು, ಕೆಳಗಿನ ಬಖಾಲದಲ್ಲಿ ಮಲಯಾಳ,
ಅಸರ್ ಕಳೆದ ಮೇಲೆ ಅರಬಿ.
ಆರು ವರ್ಷದ ರಾಝಿಕ್ ಕನ್ನಡವನ್ನೂ ಬಲದಿಂದ ಶುರು ಮಾಡುತ್ತಾನೆ:
ಸರ ಎಂದರೆ ರಸ ಬರೆದು
ನನ್ನ ಮುಖ ನೋಡುತ್ತಾನೆ.

ನಿನ್ನೆ ಹಿಬಾ ಕೇಳಿದಳು:
ಉಮ್ಮ, ಲ ಇದೆಯಲ್ಲ, ಇನ್ನೊಂದು ಯಾಕೆ?

ನಮ್ಮ ಮನೆಮಾತಿನಲ್ಲಿ ಅದಿಲ್ಲ.
ನನಗೆ ಅದು ಸಿಕ್ಕಿದ್ದು ಎರಡನೇ ಕ್ಲಾಸಿನಲ್ಲಿ.
"ಟೀಚರ್, ನಾನು ಹೇಲುತ್ತೇನೆ" ಎಂದು ಕೈ ಎತ್ತಿದೆ.
ಐವತ್ತೆರಡು ಮಕ್ಕಳು ನಕ್ಕರು.
ಟೀಚರ್ ಸೆರಗನ್ನು ಬಾಯಿಗಿಟ್ಟುಕೊಂಡು ಬೋರ್ಡಿನ ಕಡೆ ತಿರುಗಿದರು.
ನನ್ನ ಉತ್ತರ ಸರಿ ಇತ್ತು,
ಈಗಲೂ ನೆನಪಿದೆ: ನೇತ್ರಾವತಿ.

ಆಮೇಲೆ ಒಂದು ವಾರ ಬಾವಿಕಟ್ಟೆಯ ಹಿಂದೆ ನಿಂತು
ನಾಲಿಗೆ ಮಡಚಿ ಳ, ಳ, ಳ.
ಆಡು ಮೇಯುವುದು ಬಿಟ್ಟು ನೋಡುತ್ತಿತ್ತು.
ಏಳು ಬಂತು, ಕೋಳಿ ಬಂತು,
ಬೆಳ್ಳುಳ್ಳಿ ಬಂದ ದಿನ ಓಡಿಹೋಗಿ ಉಮ್ಮನಿಗೆ ಹೇಳಿದೆ.
ಉಮ್ಮನಿಗೆ ವ್ಯತ್ಯಾಸ ಕೇಳಿಸಲಿಲ್ಲ.
ಎಷ್ಟು ಎಸಳು ಬೇಕು ಎಂದರು.

ಇದನ್ನು ಯಾವ ಪಾಠಕ್ಕೆ ಸೇರಿಸಲಿ?
ನರಿಯ ಪುಸ್ತಕದ ಹಿಂಬದಿಯಲ್ಲಿ ತಾಯಂದಿರಿಗೆ ಪ್ರಶ್ನೆಪಟ್ಟಿ ಇದೆ:
ಮಗು ಎಷ್ಟು ಹೊತ್ತು ಕೂರುತ್ತದೆ, ನೋಡಿ ಕಲಿಯುತ್ತದೋ ಕೇಳಿಯೋ,
ನಿಮ್ಮ ಬಜೆಟ್ ಎಷ್ಟು.
ನಿಮ್ಮನ್ನು ನೋಡಿ ಯಾರು ನಕ್ಕಿದ್ದರು ಎಂಬುದಕ್ಕೆ ಅಲ್ಲಿ ಗೆರೆ ಇಲ್ಲ.

ಶಟ್‌ಡೌನ್ ಡ್ಯೂಟಿ ಮುಗಿಸಿ ಹನೀಫ್ ಬಂದರು,
ಹೆಲ್ಮೆಟ್ಟಿನ ಗುರುತು ಹಣೆಯಲ್ಲಿ.
ಆರಿಸಿದೆಯಾ?
ಆರಿಸಿದೆ ಎಂದೆ. ಆರಿಸಿರಲಿಲ್ಲ.
ನರಿಯನ್ನು ಮೂರನೇ ಮಹಡಿಯ ರೋಸ್ಲಿನ್‌ಗೆ ಅರ್ಧ ಬೆಲೆಗೆ ಕೊಡುವುದು,
ಬೆಳಿಗ್ಗೆ ಮೀನಿನ ಪುಸ್ತಕ (ನಿಜ ಹೇಳಬೇಕೆಂದರೆ ಅದರಿಂದಲೇ
ರಾಝಿಕ್ ನೀರಿನ ಟ್ಯಾಂಕರ್ ಓದಿದ್ದು),
ನಗುವ ಜಾಗ ನಾನೇ ಹುಡುಕಿಕೊಳ್ಳುವೆ.
ಎಣ್ಣೆಯ ಪುಸ್ತಕ ಸಂಜೆಗೆ,
ಫ್ಯಾಕ್ಟರಿಯ ಬೆಂಕಿ ಕಿಟಕಿಗೆ ಬಂದ ಮೇಲೆ.

ಮೊದಲ ಸಂಜೆಯೇ ರಾಝಿಕ್ ಎದ್ದು ನಿಂತ,
ಕೈ ಎತ್ತಿದ:
ಉಮ್ಮ, ನಾನು ಹೇಲುತ್ತೇನೆ.

ನಗು ಬಂತು. ಬಾರದಿದ್ದರೆ ಚೆನ್ನಾಗಿತ್ತು.
ಅವನೂ ನಕ್ಕ, ಯಾಕೆಂದು ಗೊತ್ತಿಲ್ಲದೆ,
ಹಿಬಾ ನಗಲಿಲ್ಲ.

ಖರ್ಜೂರದ ಡಬ್ಬಿ ತೆರೆದೆ.
ತಿನ್ನು. ಬೀಜ ನುಂಗಬೇಡ,
ನಾಲಿಗೆಯ ತುದಿಯನ್ನು ಮಡಚಿ ಅಂಗುಳಿಗೆ ಒತ್ತಿ ಹಿಡಿ,
ಇನ್ನೂ ಹಿಂದೆ, ಹೂಂ, ಅಲ್ಲಿ.
ಈಗ ಉಗುಳು.
ಬೀಜ ಇದೆ ಎಂದೇ ತಿಳಿದು ಹೇಳು.

ಅಂಗೈಯಲ್ಲಿ ಒದ್ದೆ ಬೀಜ ಹಿಡಿದು ಅವನು ನಿಂತಿದ್ದ,
ಬಾಯಿ ತೆರೆದು,
ನಾಲಿಗೆ ಇನ್ನೂ ಅಲ್ಲೇ.