ತೆರೆದ ಗೆರೆ

ತಾರ್ತುವಿನಲ್ಲಿ ಡಿಸೆಂಬರ್, ಮೂರೂವರೆಗೇ ಕತ್ತಲು.
ಮಾರಿಕಾ ದೀಪ ಹಚ್ಚಿ ದಾಖಲೆ ತೆರೆದಳು:
ಜೇನುಗೂಡಿನ ಕುರಿತ ತೆಳು ಪುಸ್ತಕ,
ಎಂಬತ್ತೆಂಟು ಪುಟ, ಹತ್ತೊಂಬತ್ತು ಸೆಂಟಿಮೀಟರ್.

ಮೊದಲು ಬರೆದವರು ವಿನಿಪೆಗ್‌ನಲ್ಲಿ ಯಾರೋ.
ಅವಸರಕ್ಕೆ, ವೊಸು ಎಂಬ ಹೆಸರಿನ ನೆತ್ತಿಯಿಂದ
ಪುಟ್ಟ ಅಲೆಯೊಂದು ಉದುರಿಹೋಗಿತ್ತು.
ಎತ್ತಿ ಕೂರಿಸಿದಳು.
ಹೋಬಾರ್ಟ್‌ನವರು, ಎರಡೇ ಅಕ್ಷರದ ಸಹಿ,
'ಬಣ್ಣದ ಚಿತ್ರಗಳಿವೆ' ಎಂದು ಸೇರಿಸಿದ್ದರು.
ಇವಳ ಕೈಲಿರುವ ಪ್ರತಿ ಬರೀ ಕಪ್ಪುಬಿಳುಪು.
ಇರಲಿ, ಅಲ್ಲಿಯದರಲ್ಲಿ ಇದ್ದೀತು. ಅಳಿಸಲಿಲ್ಲ.

ಇವತ್ತು ನೋಡಿದರೆ
ಹುಟ್ಟಿದ ವರ್ಷದ ಪಕ್ಕ ತೆರೆದೇ ಇದ್ದ ಗೆರೆಗೆ
ಯಾರೋ ಸಾವಿನ ವರ್ಷ ಹಾಕಿ ಬಾಗಿಲು ಮುಚ್ಚಿದ್ದಾರೆ.
ಆಧಾರ: ಪತ್ರಿಕೆ, ಮೂರನೆಯ ಪುಟ.

ಅಷ್ಟರಲ್ಲಿ ಹಿಮ ಕೊಡವುತ್ತ, ಬೂಟು ಒರೆಸುತ್ತ
ಬಂದೇಬಿಟ್ಟ ಮುದುಕ,
ಪ್ರತಿ ಸೋಮವಾರದ ಹಾಗೆ
ತಡವಾದ ಪುಸ್ತಕಕ್ಕೆ ದಂಡ ಕಟ್ಟಲು, ಗೊಣಗುತ್ತ.

ವರ್ಷ ಅಳಿಸಿದಳು. ಕೆಳಗೆ ಟಿಪ್ಪಣಿ:
'ತೀರಿಕೊಂಡವರು ಇನ್ನೊಬ್ಬ ವೊಸು.
ಇವರು ಈಗಷ್ಟೇ ನನ್ನೆದುರು ಕೆಮ್ಮಿದರು.'

ವಿನಿಪೆಗ್‌ನಲ್ಲಿ ಬೆಳಕು ಹರಿದಾಗ
ಅದರಡಿಗೆ ಇನ್ನೊಂದು ಸಾಲು:
'ಬಿಸಿನೀರಿಗೆ ಜೇನು ಹಾಕಿ ಕೊಡಿ.'

ಯಾವ ನಿಯಮದಡಿ ಇಡುವುದೋ ತಿಳಿಯದೆ
ಮಾರಿಕಾ ಅದನ್ನು ಹಾಗೇ ಬಿಟ್ಟಳು.