ತೂಕಕ್ಕೆ ಬಾರದ್ದು

ಮಲ್ಪೆಯಿಂದ ಮಂಡ್ಯಕ್ಕೆ ವರ್ಗವಾಗಿ ಬಂದು ಹನ್ನೊಂದು ದಿನ.
ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ.
ಚೀಲದಲ್ಲಿ ಹಿತ್ತಾಳೆ ಬಟ್ಟುಗಳು,
ಐವತ್ತು ಗ್ರಾಂ, ನೂರು, ಇನ್ನೂರು, ಕಿಲೋ.
ಬಸ್ಸಿಳಿದರೆ ನನಗಿಂತ ಮೊದಲು ಅವು ಮಾತಾಡುತ್ತವೆ.

ಅಂದು ಕಿರುಗಾವಲು.
ಬೋರಲಿಂಗನ ಅಂಗಡಿಯಲ್ಲಿ ತೊಡೆಗೆ ತೂಕ, ಪಕ್ಕೆಗೆ ತೂಕ,
ಬಂಡೂರು ಕುರಿಯೆಂದರೆ ಗ್ರಾಮು ಗ್ರಾಮಿಗೂ ಜಗಳ.
ಮುಳ್ಳು ಎಂಟು ಗ್ರಾಂ ಎಡಕ್ಕೆ ವಾಲಿತ್ತು.
ಬರೆದುಕೊಂಡೆ.
ಕತ್ತಿ ಒರೆಸುತ್ತ ನಕ್ಕ:
“ನೊಣ ಕೂತಿರ್ತದೆ, ಬುಡಿ ಸಾ.”

ಆದರೆ ತಲೆಗೆ ತೂಕವಿಲ್ಲ. ತಲೆಯೆಂದರೆ ಒಂದು ತಲೆ.
ಕಾಲು ನಾಲ್ಕು, ದಾರ ಕಟ್ಟಿದರೆ ಒಂದು ಸೆಟ್ಟು.
ಮಿದುಳು ಮುತ್ತುಗದೆಲೆಯಲ್ಲಿ, ಕಣ್ಣಳತೆ.
ನೆತ್ತರು, ಯಾರು ಮೊದಲು ಪಾತ್ರೆ ತಂದರೋ ಅವರಿಗೆ.
ನನ್ನ ಪುಸ್ತಕದಲ್ಲಿ
ಇವಕ್ಕೆ ಕಲಂ ಇಲ್ಲ.

ತಂಬಿಗೆ ತುಂಬಿಕೊಂಡು ಹೊರಟವಳ ಹಿಂದೆ ನಡೆದೆ.
ಹಸಿವಿತ್ತು. ರಾತ್ರಿ ತಮ್ಮನಿಗೆ ಫೋನು ಮಾಡಿ
ಏನೇನು ತಿಂದೆ ಗೊತ್ತುಂಟಾ ಮಾರಾಯ
ಅನ್ನುವ ಚಪಲವೂ ಇತ್ತು, ಸುಳ್ಳು ಯಾಕೆ.

ನಾಲೆ ಏರಿಯ ಮೇಲೆ ಚಿಕ್ಕತಾಯಮ್ಮನ ಗುಡಿಸಲು.
ಎರಡು ಬೆಂಚು, ತುಂಬ ಹೊಗೆ.
“ಯಾವೂರು?” ಹೇಳಿದೆ.
“ಸಮುದ್ರದೋರಾ? ಹಂಗಾದ್ರೆ ಉಪ್ಪು ನೀವೇ ನೋಡ್ಕಳಿ.”

ಲಾಕಿ ಬಂತು.
ಈರುಳ್ಳಿ, ಸಬ್ಬಕ್ಕಿ ಸೊಪ್ಪು, ಸೀಳಿದ ಹಸಿಮೆಣಸಿನಕಾಯಿ,
ನಡುವೆ ಒಣಗಿದ ಹೆಂಟೆಯ ಹಾಗೆ ಪುಡಿಪುಡಿ ನೆತ್ತರು.
ಮೀನನ್ನು ಏಳು ನೀರು ತೊಳೆಯುವ ಮನೆಯವನು ನಾನು;
ಕೊನೆಯ ನೀರನ್ನು ಅಮ್ಮ ಬೆಳಕಿಗೆ ಹಿಡಿದು ನೋಡುತ್ತಿದ್ದಳು,
ಕೆಂಪು ಉಳಿದಿದ್ದರೆ ಮತ್ತೆ ಬಾವಿಗೆ.
ಬಾಯಿಗಿಟ್ಟೆ.
ಮೊದಲು ಕಬ್ಬಿಣ,
ಚಿಕ್ಕಂದಿನಲ್ಲಿ ಬಾಗಿಲ ಚಿಲಕ ನೆಕ್ಕಿದ ರುಚಿ.
ಆಮೇಲೆ ಬರೀ ಊಟ.

“ನಳ್ಳಿ ಕುಡೀತೀರಾ?”
ಏಡಿಯ ವಿಷಯ ನನಗೆ ಹೇಳಬೇಡಿ ಎಂದು ಬೀಗಿದೆ.
ಅಲ್ಲದೆ, ಕುಡಿಯುವುದೇನು?
ಬಕೆಟ್ಟಿನಲ್ಲಿ ಪರಪರ ಕೆರೆಯುತ್ತಿದ್ದವು,
ಗದ್ದೆ ಬದುವಿನವು, ಮಗುವಿನ ಮುಷ್ಟಿಯಷ್ಟು,
ಬೆನ್ನ ಮೇಲೆ ಇನ್ನೂ ಕೆಸರು.
ಕಾಲು ಮುರಿದು, ತೊಳೆದು, ಒರಳಿಗೆ ಹಾಕಿದಳು.
ಚಿಪ್ಪು ಸಮೇತ ಕುಟ್ಟಿದಳು. ಬಟ್ಟೆಯಲ್ಲಿ ಹಿಂಡಿದಳು.
ನಮ್ಮಲ್ಲಿ ಕೊಂಡಿ ಒಡೆದು, ಎಳೆದು, ಹೀರಿ
ಅರ್ಧ ಮಧ್ಯಾಹ್ನ ಕಳೆಯುವ ಪ್ರಾಣಿಯನ್ನು
ಇವಳು ಮೆಣಸು ಬೆಳ್ಳುಳ್ಳಿಯಲ್ಲಿ ಕುದಿಸಿ
ಸ್ಟೀಲು ಲೋಟದಲ್ಲಿ ಮುಂದಿಟ್ಟಳು.
ಮೇಲೆ ಒಡೆದ ಹಾಲಿನಂತೆ ಮಾಂಸ ತೇಲುತ್ತಿತ್ತು.

ಕಡಲಿಲ್ಲ ಅದರಲ್ಲಿ, ಒಂದು ಹನಿಯೂ.
ಭತ್ತದ ಬುಡ, ನಿಂತ ನೀರು, ಬಿಸಿಲು ಕಾದ ಮಣ್ಣು.
ಮೂಗು ಸುರಿಯಿತು.
“ನೆಗಡಿಗೆ ಒಳ್ಳೇದು,” ಅಂದಳು,
“ನೆಗಡಿ ಇಲ್ದೋರ್ಗೂ ಒಳ್ಳೇದೆಯ.”

ಆಮೇಲೆ ಸೌಟು ಹಿಡಿದೇ ಕೇಳಿದಳು:
“ನಿಮ್ ಕಡೀಕೆ ಯೋನ್ ತಿಂತೀರಿ, ಇಂಗೆ, ವಿಸೇಸವಾಗಿ?”
ಯೋಚಿಸಿದೆ.
ಅಕ್ಕ ಹೆತ್ತಾಗ ತಾಟೆ ಮರಿ ತಂದಿದ್ದೆವು,
ಶಾರ್ಕಿನ ಮರಿ, ಎದೆಹಾಲು ಹೆಚ್ಚುತ್ತದಂತೆ.
ಕರಿಮೆಣಸು ಹಾಕಿ ಅಮ್ಮ ಮಾಡುತ್ತಿದ್ದಳು,
ಅದರಲ್ಲಿ ವಿಶೇಷವೇನೂ ಇರಲಿಲ್ಲ.

ಸೌಟು ನಿಂತಿತು.
“ಮನ್ಸರ್ ತಿನ್ನೋ ಮೀನಾ!
ಅದುನ್ನ ಬಾಣಂತಿಗಾ!”
ಪಕ್ಕದ ಬೆಂಚಿನ ಇಬ್ಬರು ತಿರುಗಿದರು,
ಒಬ್ಬ ಸ್ವಲ್ಪ ಆಚೆ ಸರಿದ.
ಬಕೆಟ್ಟಿನ ನಳ್ಳಿಯನ್ನು ನಾನು ನೋಡಿದ ಹಾಗೇ
ನೋಡುತ್ತಿದ್ದರು ನನ್ನನ್ನು.

ಎಷ್ಟಾಯಿತು ಅಂದೆ.
ಬೆರಳು ಮಡಿಚಿ ಮಡಿಚಿ, ಅರ್ಧಕ್ಕೆ ಬಿಟ್ಟು,
“ಒಂದೈವತ್ತು ಕೊಡಿ,” ಅಂದಳು.
ಲೆಕ್ಕ ಹೇಗೆ ಬಂತೋ ಕೇಳಲಿಲ್ಲ.
ಮೂಲೆಯಲ್ಲಿ ರಾಗಿ ಹಿಟ್ಟಿನ ತಕ್ಕಡಿ ತೂಗುತ್ತಿತ್ತು, ಮುದ್ರೆಯಿಲ್ಲದ್ದು.
ಕಂಡೂ ಕಾಣದವನ ಹಾಗೆ ಬಗ್ಗಿ ಚಪ್ಪಲಿ ಹಾಕಿಕೊಂಡೆ.

ಮಳವಳ್ಳಿ ಬಸ್ಸಿನಲ್ಲಿ ಕೈ ಮೂಸಿಕೊಂಡೆ,
ಹಿತ್ತಾಳೆಯೋ ಲಾಕಿಯೋ ತಿಳಿಯಲಿಲ್ಲ.
ತಮ್ಮನ ಫೋನು ತಾನಾಗಿ ಬಂತು.
ಊಟ ಆಯ್ತಾ ಅಂದ.
ಆಯ್ತು ಅಂದೆ.
ಬೋರಲಿಂಗನ ಎಂಟು ಗ್ರಾಂ ಪುಸ್ತಕದಲ್ಲಿತ್ತು.
ಹೊಡೆದುಹಾಕಲಿಲ್ಲ.