ಇಲ್ಲಿ ಏನೂ ಇರಬಾರದು

ಈ ನೆಲಕ್ಕೆ ಸತ್ತ ಹಸು ಎಂದು ಹೆಸರು.
ಯಾರ ಹಸು, ಯಾವಾಗ ಸತ್ತಿತು, ಕೇಳಿದರೆ
ಎಲ್ವಿಯೊ ಗಾಳಿಯ ಕಡೆ ಗಲ್ಲ ತೋರಿಸುತ್ತಿದ್ದ.
ಅನ್ಯೆಲೊ ಊರಿನ ಮೇಲಿಂದ ಮರಳು ಹೊತ್ತು ಬರುವ ಗಾಳಿ
ಹಲ್ಲಿನ ಸಂದಿಯಲ್ಲಿ ಒಂದಿಷ್ಟು ಇಟ್ಟು ಹೋಗುತ್ತದೆ.

ಬಾವಿಯ ಸುತ್ತ ಹನ್ನೆರಡು ಪಂಪು.
ಒಂದೊಂದಕ್ಕೂ ಒಂದು ಟ್ರಾನ್ಸ್‌ಫಾರ್ಮರ್ ಗಾಡಿ,
ಅದರ ಬೆನ್ನಿಗೆ ವೇಗ ಹಿಡಿತದ ಪೆಟ್ಟಿಗೆಯ ಗಾಡಿ,
ಗಾಡಿಯಿಂದ ಗಾಡಿಗೆ ತೋಳುಗಾತ್ರದ ಕೇಬಲ್ಲು,
ಕೇಬಲ್ಲಿನ ಮೇಲೆ ಕೇಬಲ್ಲು.
ಎಣಿಸಿದ್ದೇನೆ, ಎಪ್ಪತ್ತೆರಡು.
ಒಮ್ಮೆ ಎಪ್ಪತ್ತಮೂರು ಬಂತು,
ಆ ರಾತ್ರಿ ನಿದ್ದೆಯಿಲ್ಲ.

ಹಗ್ಗ ಕಂಡು ಹಾವೆಂದು ಬೆದರಿದವನಿಗೆ
ದೀಪ ತಂದು ಸಮಾಧಾನ ಹೇಳಬಹುದು.
ಇಲ್ಲಿ ದೀಪ ಉರಿಯುವುದೇ ಆ ಹಾವಿನಿಂದ.

ಜೂನಿನಲ್ಲಿ, ನೆಲ ಹೆಪ್ಪುಗಟ್ಟಿದ ಒಂದು ಬೆಳಗ್ಗೆ,
ತಪ್ಪು ತುದಿಯನ್ನು ತಪ್ಪು ಬಾಯಿಗೆ ಸಿಕ್ಕಿಸಹೊರಟ
ನನ್ನ ಮೊಣಕೈ ಹಿಡಿದು ನಿಲ್ಲಿಸಿದವಳು ನೆಲಿದಾ ಪೈನೆಮಾಲ್.
ಬೈಯಲಿಲ್ಲ. "ನಿನ್ನ ತಪ್ಪಲ್ಲ,
ಇಷ್ಟೊಂದು ಬಾಯಿಗಳ ತಪ್ಪು" ಅಂದಳು.
ಸೋರೆಬುರುಡೆಯ ಕಹಿ ಚಹಾ ನನ್ನ ಕೈಗಿಟ್ಟು
ಕರಿದ ರೊಟ್ಟಿ ಸುತ್ತಿದ್ದ ಕಾಗದ ಬಿಡಿಸಿ
ಎಣ್ಣೆಯ ಕಲೆ ತಪ್ಪಿಸಿ ಒಂದು ಗೀಟು ಎಳೆದಳು.

ಮೀನಿನ ಮುಳ್ಳು.
ನಡುವೆ ಬೆನ್ನೆಲುಬಿನ ಹಾಗೆ ವಿದ್ಯುತ್ತಿಗೆ ಒಂದೇ ದಾರಿ,
ಈಚೆ ಆರು ಪಂಪು, ಆಚೆ ಆರು.
ಪ್ರತಿ ಪಂಪಿಗೂ ಒಂದೇ ಕೇಬಲ್ಲು, ಒಂದೇ ಕೊಂಡಿ,
ತಪ್ಪಾಗಿ ಸೇರಿಸಲು ಹೋದರೆ ಸೇರದ ಕೊಂಡಿ.
ಟ್ರಾನ್ಸ್‌ಫಾರ್ಮರು, ಪೆಟ್ಟಿಗೆ, ಎಲ್ಲ ಪಂಪಿನ ಗಾಡಿಯ ಮೇಲೆಯೇ,
ಬಸವನಹುಳು ಮನೆ ಹೊತ್ತ ಹಾಗೆ.
ಉಳಿದ ಗಾಡಿಗಳು? ಮನೆಗೆ.
ಖಾಲಿಯಾದ ಚೌಕದಲ್ಲಿ ಬರೆದು ಎರಡು ಸಲ ಅಡಿಗೆರೆ ಎಳೆದಳು:
ಇಲ್ಲಿ ಏನೂ ಇರಬಾರದು.

ಎಂಜಿನಿಯರ್ ಬ್ರುನೆಲ್ಲಿ ಕಾಗದವನ್ನು ತಲೆಕೆಳಗೆ ಹಿಡಿದು ನೋಡಿದ.
"ಬೆನ್ನೆಲುಬು ಮುರಿದರೆ?"
ತಮಾಷೆಯ ಪ್ರಶ್ನೆಯಲ್ಲ.
ಎಪ್ಪತ್ತೆರಡರಲ್ಲಿ ಒಂದು ಸತ್ತರೆ ಹನ್ನೊಂದು ಪಂಪು ಓಡುತ್ತವೆ,
ಇರುವ ಒಂದೇ ಸತ್ತರೆ ಎಲ್ಲವೂ
ಹೋಗಿ ಹಸುವಿನ ಪಕ್ಕ ಮಲಗುತ್ತವೆ.
ನೆಲಿದಾ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು
ಬೆನ್ನೆಲುಬಿನ ಎರಡೂ ತುದಿಗೆ ಒಂದೊಂದು ಟರ್ಬೈನು ಬರೆದಳು.
"ಈಗ ಇದು ಮೀನಲ್ಲ" ಅಂದ ಬ್ರುನೆಲ್ಲಿ.
"ನಾನು ಮೀನು ಮಾರುವವಳೂ ಅಲ್ಲ."

ಆಗಸ್ಟಿಗೆ ಹೊಸ ಸಾಲು ನಿಂತಿತು.
ನಾಲ್ಕು ದಿನದ ಜೋಡಣೆ ಒಂದೂವರೆ ದಿನಕ್ಕಿಳಿಯಿತು.
ಕೇಬಲ್ ಎಳೆಯುವ ಒಂಬತ್ತು ಮಂದಿಯಲ್ಲಿ ಉಳಿದವರು ನಾಲ್ವರು.
ಎಲ್ವಿಯೊ ಉಳಿಯಲಿಲ್ಲ.
ಕೈಗವಸು ಬಿಚ್ಚಿ ಬೇಲಿಯ ಗೂಟಕ್ಕೆ ತೊಡಿಸಿ ಹೋದ,
ಗಾಳಿ ಎದ್ದಾಗ ಅದು ಯಾರನ್ನೋ ಕರೆಯುತ್ತದೆ.
ಹೇಳಿದೆ. ನೆಲಿದಾ ಚಹಾ ಹೀರುವ ಕೊಳವೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು,
ಬುರುಡೆ ಬರಿದಾದ ಮೇಲೂ ಬಿಡಲಿಲ್ಲ.

ಕಾಲ ಕೆಳಗೆ ಮೂರು ಕಿಲೋಮೀಟರು ಆಳದಲ್ಲಿ
ಕಲ್ಲಾದ ಒಂದು ಸಮುದ್ರವಿದೆಯಂತೆ,
ನಿಜವಾದ ಮೀನುಮುಳ್ಳುಗಳ ಸಮೇತ.
ಅದನ್ನು ಸೀಳಲು ನೀರು, ಮರಳು ಕಳಿಸುತ್ತೇವೆ.
ಅಲ್ಲಿ ಯಾವ ಸೀಳು ಯಾವ ಸೀಳಿಗೆ ಸೇರುತ್ತದೆಂದು
ರೊಟ್ಟಿಯ ಕಾಗದದ ಮೇಲೆ ಬರೆದುಕೊಟ್ಟವರಿಲ್ಲ.

ಆ ಖಾಲಿ ಚೌಕ ದಾಟುವಾಗ ಇಂದಿಗೂ
ನನ್ನ ಕಾಲು ತಾನಾಗಿ ಮೇಲೇಳುತ್ತದೆ
ಇಲ್ಲದ ಕೇಬಲ್ಲಿನ ಮೇಲಿಂದ.
ಹಿಂದೆ ಬರುವ ಹೊಸ ಹುಡುಗ ನಗುತ್ತಾನೆ.
ಅಲ್ಲಿಗೆ ಬಂದಾಗ
ಅವನೂ ಎತ್ತುತ್ತಾನೆ.